ಒಂದೇ ಮನೆ

ರಾಯಚೂರು. ಮೂರನೇ ಸುತ್ತು, ಏಳನೇ ಮೇಜು.
ಎದುರಿಗೆ ತೀನ್ ಕಂದೀಲಿನ ಬಂದೇನವಾಜ್ ಸಾಹೇಬರು,
ಕೈಗಡಿಯಾರ ರಿಪೇರಿಯವರು.
ನಾನೋ, ಹದಿನಾಲ್ಕು ನಡೆ ಬಾಯಿಪಾಠ ಮಾಡಿ ಬಂದವನು:
ಸಿಸಿಲಿಯನ್ನು, ಅದರ ಕವಲು, ಕವಲಿನ ಕವಲು.

ಅವರು ರಾಜನ ಮುಂದಿನ ಕಾಲಾಳನ್ನು
ಒಂದೇ ಮನೆ ಸರಿಸಿದರು.
ಚಹಾದಂಗಡಿ ಬೆಂಚಿನ ಆಟ;
ಅಲ್ಲಿ ಕಾಲಾಳು ಎರಡು ಮನೆ ಹಾರುವುದಿಲ್ಲ.

ನನ್ನ ಪುಸ್ತಕ ಅಲ್ಲಿಗೇ ಮುಗಿಯಿತು.
ಹಾಳೆಯ ಮೇಲೆ ಅರ್ಧ ಸಾಲು,
ಬೆರಳು ಬೆವೆತು ಜಾರುವ ಪೆನ್ನು.

ಸಾಹೇಬರು ನನ್ನ ಮುಖ ನೋಡಲಿಲ್ಲ.
ಬಗ್ಗಿ, ಗಡಿಯಾರಕ್ಕೆ ಕಿವಿ ಹಚ್ಚಿ,
‘ನಿನ್ ಕಡೀದು ಜರಾ ಜೋರ್ ಓಡಕತ್ತದ, ತಮ್ಮಾ.
ಹೇಳ್ಲೇನು ಅವರಿಗೆ?’

ಬ್ಯಾಡ್ರೀ, ಅಂದೆ.
ಆಮೇಲೆ ಹಲಗೆ ನೋಡಿದೆ,
ನಿಜವಾಗಿ ನೋಡಿದೆ:
ಅವರ ಎಡಗುದುರೆಗೆ
ಒಂದು ಕಿವಿ ಇರಲಿಲ್ಲ.