ಸೀಬೆಮರದ ಬುಡದಿಂದ

ಸಹಾಯಮೇರಿ, ಈಗ ಹೇಳು.
ಕಾನ್ವೆಂಟಿನೊಳಗೆ ಸಿಗ್ನಲ್ ಇಲ್ಲ,
ಸಿಮೆಟ್ರಿ ಗೋಡೆಯ ಪಕ್ಕದ ಸೀಬೆಮರಕ್ಕೆ ಬಂದಿದ್ದೇನೆ.
ಟಾರ್ಚು, ಸ್ವೆಟರು, ಮೊಣಕಾಲು ನೋವು, ಎಲ್ಲ ಜೊತೆಗಿವೆ.
ಅಮ್ಮತ್ತಿಯಲ್ಲಿ ಹತ್ತೂವರೆ. ಮಲಾವಿಯಲ್ಲಿ ಏಳು.
ಅತ್ತು ಮುಗಿಸು ಮೊದಲು. ಕಾಯುತ್ತೇನೆ.
ಕಣದ ತುಂಬ ಕಾಫಿ ಹರವಿದೆ, ಆ ಹುಳಿ ವಾಸನೆ
ಫೋನಿನಲ್ಲಿ ಕಳಿಸಲಾಗುವುದಿಲ್ಲ.

ಊರವರು ನಗುತ್ತಾರೆ ಅಂದೆಯಲ್ಲ?
ನಗಲಿ.
ನಾನು ಹೋದ ಮೊದಲ ವಾರವೇ
ಮುದುಕನೊಬ್ಬನಿಗೆ ‘ಹೇಗಿದ್ದೀರಿ’ ಎನ್ನಲು ಹೋಗಿ
ಬೇರೇನೋ ಅಂದೆ. ಏನೆಂದು ಇವತ್ತಿಗೂ ಯಾರೂ ಹೇಳಿಲ್ಲ.
ಅವನ ಮೊಮ್ಮಕ್ಕಳು ನನ್ನನ್ನು ಕಂಡಾಗೆಲ್ಲ
ಅದೇ ಮಾತು ಕೂಗಿ ಓಡುತ್ತಿದ್ದರು.
ಇಪ್ಪತ್ತಾರು ವರ್ಷ ಅದೇ ನನ್ನ ಹೆಸರು.

ಒಂದು ವರ್ಷ ಏನನ್ನೂ ಕಲಿಸಬೇಡ.
ಮದರ್ ಕೇಳಿದರೆ ನಾನು ಹೇಳಿದೆ ಅನ್ನು.
ನ್ಸಿಮಾ ತಿರುವಲು ಕಲಿ. ನಮ್ಮ ಕಡುಬಿನ ಹಿಟ್ಟಿನ ಹಾಗಲ್ಲ,
ತೋಳು ಬೇಡುತ್ತದೆ ಅದು.
‘ನಮ್ಮ ಕೊಡಗಿನಲ್ಲಿ’ ಎಂದು ಶುರುವಾಗುವ ಮಾತನ್ನು
ಬಿಸಿ ಇದ್ದರೂ ನುಂಗು.
ಸಾವಿನ ಮನೆಯಲ್ಲಿ ನೆಲದ ಮೇಲೆ ಕೂತುಕೋ,
ಬೈಬಲ್ ಚೀಲದಲ್ಲೇ ಇರಲಿ.
ಮಗು ಕಳೆದುಕೊಂಡವಳಿಗೆ, ಅಳು ಇನ್ನೂ ಏರುತ್ತಿರುವಾಗಲೇ,
ಸ್ವರ್ಗವನ್ನು ವಿವರಿಸಿದವಳು ನಾನು.
ಅವಳು ಎದ್ದು ಹೋಗಿ
ತನ್ನದೇ ಮನೆಯ ಹೊರಗೆ ಕೂತಳು.

ಮತ್ತೇನಂದೆ? ಕೇಳಿಸಲಿಲ್ಲ, ಪಟಾಕಿ.
ಪಕ್ಕದ ತೋಟದಲ್ಲಿ ಆನೆ ಓಡಿಸುತ್ತಿದ್ದಾರೆ.
ವಾಪಸ್ ಬರಬೇಕು ಅಂದೆಯಾ?
ಹೂಂ.

ತರಬೇತಿಯಲ್ಲಿ ಇದನ್ನು ನಿಮಗೆ ಹೇಳಿರಲಿಲ್ಲ:
ಎಂಟನೇ ತಿಂಗಳು, ಪೆಟ್ಟಿಗೆ ಕಟ್ಟಿ, ಯಾರಿಗೂ ತಿಳಿಸದೆ
ಬಸ್ಸಿನ ದಾರಿಗೆ ನಡೆದಿದ್ದೆ.
ಬಸ್ಸು ಬರಲಿಲ್ಲ. ನಾಳೆ ಬರಬಹುದು ಅಂದರು.
ಕಡಲೆಕಾಯಿ ಮಾರುವವಳೊಬ್ಬಳು,
ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ,
ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು,
ಮಡಿಲಿಗೆ ಒಂದು ಮೊರ ಕಾಯಿ ಸುರಿದು
‘ಬಿಡಿಸು’ ಅಂದಳು.
ಕತ್ತಲಾಗುವವರೆಗೆ ಬಿಡಿಸಿದೆ. ಉಗುರು ಸೀಳಿತು.
ಆಮೇಲೆ ಪೆಟ್ಟಿಗೆಯನ್ನು ತಲೆಮೇಲೆ ಹೊತ್ತು
ಗೇಟಿನವರೆಗೆ ಬಂದಳು, ಕೂಲಿ ಕೇಳಿದಳು.
ಕೊಟ್ಟೆ.
ದೇವರು ಕರೆದನೇ ಎಂದು ಕೇಳುತ್ತೀಯ.
ಕರೆದಿರಬಹುದು.
ನನಗೆ ಕೇಳಿಸಿದ್ದು ಆ ಒಂದೇ ಮಾತು.

ಹಾಗಾಗಿ ‘ಇರು’ ಎನ್ನುವುದಿಲ್ಲ.
ಬರುವುದಾದರೆ ಬಾ, ಮೈಸೂರಿಗೆ ಜೀಪು ಕಳಿಸುತ್ತೇನೆ,
ಯಾಕೆ ಎಂದು ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ.
ಭಾನುವಾರ ಪಾಲಿಬೆಟ್ಟಕ್ಕೆ ಹೋಗಿದ್ದೆ. ಲೈನ್ ಮನೆಯ ಗೋಡೆಗೆ
ನಿನ್ನ ಪಾಸ್‌ಪೋರ್ಟ್ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದಾರೆ ನಿಮ್ಮಪ್ಪ.
ಅದನ್ನು ನೆನೆದು ಮಾತ್ರ ಉಳಿಯಬೇಡ.

ನಾಳೆ ಬೆಳಿಗ್ಗೆ ಹೆಂಗಸರ ಜೊತೆ ಬೋರ್‌ವೆಲ್ಲಿಗೆ ಹೋಗು.
ಸಣ್ಣ ಬಕೆಟ್ ತಗೋ, ದೊಡ್ಡದು ಹೊತ್ತು ತೋರಿಸಬೇಡ.
ಚೆಲ್ಲಿದರೆ ಅವರಿಗಿಂತ ಮೊದಲು ನಗು.

ಟಾರ್ಚು ಮಂಕಾಗುತ್ತಿದೆ,
ಆನೆ ಯಾವ ಕಡೆ ಹೋಯಿತೋ ಗೊತ್ತಿಲ್ಲ.
ಇಡಬೇಡ ಮಗಳೇ, ಬಾಗಿಲ ಹತ್ತಿರ ತಾನೇ ಕಟ್ಟಾಗುತ್ತದೆ,
ಅಲ್ಲಿಯವರೆಗೆ ಏನಾದರೂ ಹೇಳುತ್ತಿರು.
ಅವರ ಭಾಷೆಯಲ್ಲೇ ಹೇಳು, ತಪ್ಪಾದರೂ ಪರವಾಗಿಲ್ಲ.
ನನಗೆ ಮರೆಯುತ್ತಿದೆ.