ಬೆಳಕಿಂಡಿ ಲೆಕ್ಕ

ಭಿಶಿ ಎತ್ತಿದ ರೊಕ್ಕದಾಗ ಎರಡು ಪ್ಲೇಟು ತಂದು
ಮಾಳಿಗಿ ಮ್ಯಾಲೆ ಕೂಡ್ರಿಸಿದ ದಿನ
ಅತ್ತಿ ಸಂಕವ್ವ ಮಾತು ಬಿಟ್ಟಳು.
ಗುಳೇದಗುಡ್ಡದ ಬಿಸಲು ಇರೂದ
ಸಂಡಿಗಿ ಒಣಗಸಾಕ, ಶಾವಿಗಿ ಹರವಾಕ,
ಅದನ್ನ ಗಾಜಿನಾಗ ಹಿಡದು ದುಡಸ್ತಾರೇನು
ಅಂತ ಬೆಕ್ಕಿಗೆ ಕೇಳಿದಳು, ನನಗಲ್ಲ.

ಬೆಕ್ಕು ಆಗಲೇ ಪ್ಲೇಟಿನ ನೆರಳಿನಾಗ
ಹೊಟ್ಟಿ ಮ್ಯಾಲೆ ಮಾಡಿ ಮಲಗಿತ್ತು.

ಫಿಟ್ಟಿಂಗಿನ ಲಾಳೇಸಾಬ ಹೇಳಿ ಹೋಗಿದ್ದ:
"ಬ್ಯಾಟರಿ ಇಲ್ಲ ಅಕ್ಕಾ, ಅದರ ರೊಕ್ಕಾ ಬ್ಯಾರೆ.
ಹಗಲಿಂದು ಹಗಲಿಗೇ ಖರ್ಚು ಮಾಡ್ರಿ,
ಇಟ್ಟರ ಉಳಿಯೂದಿಲ್ಲ."

ನನಗ ತಿಳೀಲಿಲ್ಲ.
ನಸುಕಿನಾಗ ಖಣಕ್ಕ ಇಸ್ತ್ರಿ, ಸಂಜೀಕ ನೀರಿನ ಮೋಟಾರು,
ರಾತ್ರಿ ಹನ್ನೊಂದರ ತನಕ ಜಂಪರ ಹೊಲಿಗಿ.
ಬಿಲ್ಲು ಬಂತು,
ಹಳೇ ಬಿಲ್ಲಿನ ಅವಳಿ ತಂಗಿ.

ಅಕಿಗೆ ಯಾರೂ ಓದಿ ಹೇಳಲಿಲ್ಲ.
ನನ್ನ ಮಾರಿ ಓದಿದಳು.

ಮರುದಿನ ಬೆಳಕಿಂಡಿಯಿಂದ
ತಾಟಿನಷ್ಟಗಲ ಬಿಸಲು ಅಡಗಿಮನಿಗೆ ಇಳೀತು.
ಗೋಡಿ ಮ್ಯಾಲೆ ಗಡಿಯಾರ ಇದ್ದರೂ
ಐವತ್ತು ವರ್ಷ ಇದನ್ನ ನೋಡೇ ರೊಟ್ಟಿ ಬಡದಾಕಿ.
ಬಿಸಲು ಬೀಸುಕಲ್ಲಿನ ಗೂಟ ಮುಟ್ಟಿದ್ದೇ ತಡ
ಮಾತು ಬಿಟ್ಟಾಕಿ ಅಂದಳು:
"ಇಸ್ತ್ರಿ ಹಚ್ಚ."
ಒಳ್ಳಿನ ಅಂಚಿಗೆ ಬಂದಾಗ:
"ಟಾಕಿಗೆ ನೀರು ಏರಸು."
ಒಳ್ಳ ದಾಟಿ ಗೋಡಿ ಬುಡಕ್ಕ ಹೋದಾಗ:
"ಮಷೀನಿನ ಮೋಟಾರ ಸಾಕು,
ಇನ್ನ ಕಾಲೀಲೆ ತುಳಿ."

ಮೋಡ ಕಂಡರ ಹಿಗ್ಗೋ ಊರಾಗ
ಮೋಡಕ್ಕ ಬೈಯಾಕಿ ಈಗ ಇಕಿ ಒಬ್ಬಾಕಿ.
ದಿನಾ ಮುಂಜಾನೆ ತನ್ನ ಹಳೇ ಸೀರಿ ತುಂಡಿಲೆ
ಪ್ಲೇಟಿನ ಧೂಳು ಒರಸ್ತಾಳ.
ಪಾರಿವಾಳಕ್ಕ ಕಲ್ಲು ಒಗಿಯಾಕ ಕೈ ಎತ್ತಿ,
ಗಾಜು ನೆನಪಾಗಿ,
ಬರೇ ಬೈಗುಳಾ ಒಗೀತಾಳ.

ಮೂರನೇ ಬಿಲ್ಲು ಅರ್ಧಕ್ಕ ಇಳೀತು.
ಸಂಡಿಗಿ ಮಾತ್ರ ಖಾಸಿಂಬಿ ಮಾಳಿಗಿ ಮ್ಯಾಲೆ ಒಣಗತಾವ.
ಬಿಸಲಿನ ಬಾಡಿಗಿ ಅಂತ ಹತ್ತಕ್ಕ ಎರಡು ಇಸಕೊಂತಾಳ ಅಕಿ,
ಮಮ್ಮಕ್ಕಳು ಬಂದ ದಿನ ಮೂರು.
"ಹಂಗಾರ ಉಳದದ್ದೆಷ್ಟು?" ಅಂದೆ ನಾನು.
ಸಂಕವ್ವ ಬೆರಳು ಮಡಚಿದಳು, ಬಿಚ್ಚಿದಳು, ಮತ್ತ ಮಡಚಿದಳು.
ಸಂಡಿಗಿ ಡಬ್ಬಿ ಅಲ್ಲಾಡಿಸಿ ನೋಡಿದಳು.
ಅಷ್ಟರಾಗ ಬಿಸಲು ಮೂಡಣ ಗೋಡಿ ಏರಿತ್ತು.
ಲೆಕ್ಕ ಅಲ್ಲೇ ಬಿಟ್ಟು ಎದ್ದು,
ನಾ ಹೊಲ್ಯಾಕ ಹತ್ತಿದ್ದ ತೋಳು ಅರ್ಧಕ್ಕಿರೂವಾಗಲೇ
ಬಟನ್ ಬಂದ್ ಮಾಡಿದಳು.