ಕಿವಿರು

ರಾತ್ರಿ ಎರಡೂ ಹತ್ತಕ್ಕೆ
ತುರ್ತು ವಿಭಾಗದ ಏಳನೇ ಮಂಚದಲ್ಲಿ ಕೂತಿದ್ದಾರೆ,
ಮಲಗಲು ಒಪ್ಪದೆ,
ಮಂಗಳೂರು ದಕ್ಕೆಯ ವಾರಿಜಕ್ಕ.
ಮೊನ್ನೆ ತೇಡೆ ಮೀನಿನ ಮುಳ್ಳು ಹೆಬ್ಬೆರಳಿಗೆ ತಾಗಿತಂತೆ.
ಸುಣ್ಣ ಹಚ್ಚಿ ಬಿಟ್ಟರಂತೆ.
"ಸ್ವಲ್ಪ ಚಳಿ ಆದ ಹಾಗೆ ಆಯ್ತು. ಮಗಳದ್ದು ಗಲಾಟೆ,
ಅದಕ್ಕೆ ಬಂದದ್ದು. ಎಂತದೂ ಇಲ್ಲ.
ನಾಲ್ಕಕ್ಕೆ ಬೋಟು ಬರ್ತದೆ, ಬೇಗ ಬಿಡಿ ಮಾರಾಯ್ತಿ."

ಜ್ವರ ನೂರಕ್ಕೆ ಒಂದಿಷ್ಟು ಮೇಲೆ.
ಬಿ.ಪಿ. ಪರವಾಗಿಲ್ಲ.
ಬಿಳಿಕಣಗಳೂ ಗಡಿಯೊಳಗೇ.
ಕಾಗದದ ಮೇಲೆ ವಾರಿಜಕ್ಕ ಹೇಳುವುದೇ ಸರಿ.

ನಾನು ಹಿಲ್ಡಾ, ರಕ್ತ ತೆಗೆಯುವವಳು.
ಮೂರು ಕೊಳವೆ ಆಸ್ಪತ್ರೆಗೆ,
ಹಸಿರು ಮುಚ್ಚಳದ್ದೊಂದು ಅಧ್ಯಯನಕ್ಕೆ.
ಸಹಿ ಕೇಳಿದರೆ,
"ಅದರಲ್ಲಿ ನಿಮಗೆ ಎಂತ ಸಿಗ್ತದೆ?"
ಅಚ್ಚಾದದ್ದನ್ನು ಓದತೊಡಗುತ್ತೇನೆ: ಮೆಟಬೊಲೈಟ್...
ಅವರ ಮುಖ ನೋಡಿ ನಿಲ್ಲಿಸುತ್ತೇನೆ.
ಉಂಡೆದ್ದ ಮೇಲೆ ಎಲೆಯಲ್ಲಿ ಉಳಿಯುತ್ತದಲ್ಲ, ಅದು.
ಮೈಯ ಒಂದೊಂದು ಕಣವೂ ಉಣ್ಣುತ್ತದೆ,
ಎಂಜಲನ್ನು ನೆತ್ತರಿಗೆ ಬಿಡುತ್ತದೆ.
ಹೆದರಿದ ಕಣ ಯಾವುದನ್ನು ಮುಟ್ಟಲಿಲ್ಲ,
ಯಾವುದನ್ನು ಗಬಗಬ ನುಂಗಿತು,
ಮೈ ಬಿಸಿಯಾಗುವ ಮೊದಲೇ
ಎಲೆ ನೋಡಿದರೆ ಗೊತ್ತಾಗಬೇಕು.
ಹಾಗಂತ ನಮ್ಮವರ ಲೆಕ್ಕ.

ವಾರಿಜಕ್ಕ ನಗುತ್ತಾರೆ.
"ಇದಕ್ಕೆ ಇಷ್ಟು ಓದಬೇಕಾ?
ಬಂಗುಡೆಯ ಕಣ್ಣು ನೋಡಿ ತಗೊಳ್ಳುವವ ಮೋಸ ಹೋಗ್ತಾನೆ.
ಐಸಲ್ಲಿಟ್ಟರೆ ಕಣ್ಣು ಹೊಳೀತದೆ.
ನಾನು ಕಿವಿರು ಎತ್ತಿ ನೋಡುವುದು.
ವಾಸನೆ ಬರುವ ಮೊದಲು
ಕೆಂಪು ಒಂಚೂರು ಮಾಸ್ತದೆ.
ನಿಮಗೆ ಕಾಣುವುದಿಲ್ಲ, ನನಗೆ ಕಾಣ್ತದೆ."
ಎಡಗೈಯಲ್ಲಿ ಸಹಿ ಹಾಕುತ್ತಾರೆ.
ಬಲಗೈ ಮಡಿಲಲ್ಲಿ, ಊದಿದ ಹೆಬ್ಬೆರಳು ಮೇಲಾಗಿ.

ಕಳೆದ ಆಟಿಯಲ್ಲಿ ಇದೇ ಮಂಚಕ್ಕೆ ಬಂದವರಿಗೆ
ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ. ನೂರ ಹದಿನೇಳು.
ಬೆರಳ ಸಂದಿಯಲ್ಲಿ ನೋಟು ಮಡಚಿ ಹಿಡಿದು ಹಿಡಿದು ಬಿದ್ದ ಗೆರೆ;
ತೊಕ್ಕೊಟ್ಟಿನ ಬಸ್ಸಿನ ಕಂಡಕ್ಟರು.
ಮೂತ್ರದ ಉರಿ ಅಂದರು, ಮಾತ್ರೆ ಬರೆದುಕೊಟ್ಟರು.
ಚಿಲ್ಲರೆ ಸರಿಯಾಗಿ ಎಣಿಸಿಕೊಟ್ಟು
ಛತ್ರಿ ಬಿಡಿಸಿ ಹೋದರು.
ಬೆಳಿಗ್ಗೆ ಒಂಬತ್ತಕ್ಕೆ ಹೊತ್ತು ತಂದರು.
ಸಂಜೆಗೆ ಮುಗಿಯಿತು.

ಅವರ ಹಸಿರು ಮುಚ್ಚಳ
ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಐದು ತಿಂಗಳು ಕಾದಿತ್ತು.
ಯಂತ್ರ ಬೇರೆ ಊರಿನಲ್ಲಿ,
ನೂರೈವತ್ತು ಸೇರದೆ ಓಡಿಸುವುದಿಲ್ಲ.
ಫಲಿತಾಂಶ ಬಂದ ದಿನ ಕಡತಕ್ಕೆ ಹಾಕಿದವಳು ನಾನೇ.
ಆ ರಾತ್ರಿ ಒಂದೂವರೆಗೆ ತೆಗೆದ ರಕ್ತದಲ್ಲಿ
ಲ್ಯಾಕ್ಟೇಟು ಹೊಸ್ತಿಲ ಮೇಲೆ ನಿಂತಿತ್ತು,
ಕೈನುರೆನಿನ್ ಆಗಲೇ ಒಳಗೆ ಬಂದು ಕೂತಿತ್ತು.
ಅಷ್ಟೂ ಬರೆದಿತ್ತು.
ಓದುವವರು ಮಳೆಗಾಲ ದಾಟಿ ಬಂದರು.

ಈ ಕೊಳವೆಯೂ ಪೆಟ್ಟಿಗೆಗೇ ಹೋಗಬೇಕು, ನಿಯಮ.
ಇನ್ನೂರ ನಾಲ್ಕು ಎಂದು ಬರೆದು
ಬಾಗಿಲು ತೆರೆದು ನಿಂತೆ.
ಬೆರಳಿಗೆ ಹಿಮ.
ಬಾಗಿಲು ಹಾಕಿ ಏಳನೇ ಮಂಚಕ್ಕೆ ವಾಪಸ್ಸು ಬಂದೆ.
ಗೋಡೆಯ ಗಡಿಯಾರ ನೋಡುತ್ತ ಅವರ ಉಸಿರು ಎಣಿಸಿದೆ:
ಇಪ್ಪತ್ತಾರು.
ಪಟ್ಟಿಯಲ್ಲಿ ಹದಿನೆಂಟು.
ಎಲ್ಲರದ್ದೂ ಹದಿನೆಂಟೇ ನಮ್ಮಲ್ಲಿ, ಯಾರೂ ಎಣಿಸುವುದಿಲ್ಲ.
ಅದು ನನ್ನ ಕೆಲಸವೂ ಅಲ್ಲ.
ಎಡ ತೋರುಬೆರಳ ಉಗುರು ಒತ್ತಿ ಬಿಟ್ಟೆ.
ಕೆಂಪು ತಿರುಗಿ ಬರಲು
ಒಂದು, ಎರಡು,
ಮೂರು,
ನಾಲ್ಕು.

ಡಾಕ್ಟರ್ ಶಮೀಮಾ ಕನ್ನಡಕ ಹುಡುಕುತ್ತ ಎದ್ದು ಬಂದರು.
"ರಿಪೋರ್ಟು ಎಲ್ಲ ಸರಿ ಉಂಟಲ್ಲ ಹಿಲ್ಡಾ?"
ಕಿವಿರು ಮಾಸಿದೆ, ಅಂದುಬಿಟ್ಟೆ.
ಅವರಿಗೆ ಅರ್ಥವಾಗಲಿಲ್ಲ.
ಇಪ್ಪತ್ತಾರು ಅರ್ಥವಾಯಿತು.

ನಾಲ್ಕಕ್ಕೆ ಬೋಟು ಬಂದಿರಬೇಕು.
ತೋಳಿಗೆ ಎರಡನೇ ಬಾಟಲಿ ಇಳಿಯುತ್ತಿದೆ,
ಮದ್ದು ಹೋಗಿ ಒಂದು ಗಂಟೆಯ ಮೇಲಾಯಿತು.
ಏನಾಗುತ್ತದೋ. ಡಾಕ್ಟರೂ ಹೇಳುತ್ತಿಲ್ಲ.
ಇನ್ನೂರ ನಾಲ್ಕರ ಕಾಗದ ಬರುವ ಹೊತ್ತಿಗೆ
ಹೊಸ ಮಳೆ ಶುರುವಾಗಿರುತ್ತದೆ.

ವಾರಿಜಕ್ಕ ನನ್ನನ್ನು ಬೈಯುತ್ತಿದ್ದಾರೆ, ತುಳುವಿನಲ್ಲಿ,
ಒಂದು ಬೈಗುಳಕ್ಕೆ ಎರಡು ಉಸಿರು.
ಇಪ್ಪತ್ತನಾಲ್ಕು, ಬರೆದುಕೊಂಡೆ.
ಎಣಿಸಿ.